ಒಂದು ಸಲ ಊದಿದರೆ ಮೂಗಿನ ಅಲರ್ಜಿ ಗೊತ್ತಾಗುತ್ತಾ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ದಾವಣಗೆರೆಯವರು. ಮಗಳಿಗೆ 11 ವರ್ಷ. ಮೂರು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಸೀನು ಶುರು, ಒಂದರ ಹಿಂದೆ ಒಂದು ಹತ್ತು ಹದಿನೈದು. ಮೂಗು ತುರಿಸುತ್ತೆ, ನೀರು ಸುರಿಯುತ್ತೆ. ರಾತ್ರಿ ಮೂಗು ಕಟ್ಟಿ ಬಾಯಿ ತೆರೆದು ಮಲಗುತ್ತಾಳೆ. ಓಡಿ ಆಡಿ ಬಂದ ಮೇಲೆ ಸ್ವಲ್ಪ ಕೆಮ್ಮು. ಹೋದ ತಿಂಗಳು ಒಂದು ಕ್ಲಿನಿಕ್ಕಿನಲ್ಲಿ ಯಂತ್ರದಲ್ಲಿ ಊದಿಸಿದರು. 38 ಅಂತ ಬಂತು. "ಅಲರ್ಜಿ ಕನ್ಫರ್ಮ್, ಅಸ್ತಮಾನೂ ಇದೆ, ಚರ್ಮದ ಟೆಸ್ಟ್ ಏನೂ ಬೇಡ" ಅಂದು ಇನ್ಹೇಲರ್ ಬರೆದುಕೊಟ್ಟರು. ಊದಿಸುವ ಎರಡು ದಿನ ಮುಂಚೆ ಅವಳಿಗೆ ಜ್ವರ, ನೆಗಡಿ ಇತ್ತು. ಇನ್ಹೇಲರ್ ಇನ್ನೂ ಶುರು ಮಾಡಿಲ್ಲ. ನಮ್ಮತ್ತೆ "ಒಂದು ಸಲ ಹಿಡಿದರೆ ಬಿಡೋಕಾಗಲ್ಲ" ಅಂತಾರೆ. ಮಗಳಿಗೆ ಸೂಜಿ ಅಂದರೆ ಭಯ. ಉಸಿರಿನ ಟೆಸ್ಟ್ ಒಂದೇ ಸಾಕಾ? ಯಾವುದರ ಅಲರ್ಜಿ ಅಂತ ಅದರಲ್ಲೇ ಗೊತ್ತಾಗಲ್ವಾ?

ಉತ್ತರ: ಅಮ್ಮಾ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಯಾವುದರ ಅಲರ್ಜಿ ಅಂತ ಆ ಯಂತ್ರಕ್ಕೆ ಗೊತ್ತಾಗಲ್ಲ. ಅಲರ್ಜಿ ಇದೆಯೋ ಇಲ್ಲವೋ ಅನ್ನೋದನ್ನೂ ಅದೊಂದೇ ತೀರ್ಮಾನಿಸಲಾರದು. ಹಾಗಂತ 38 ಅನ್ನೋ ಅಂಕಿಯನ್ನು ಕಸದ ಬುಟ್ಟಿಗೆ ಹಾಕಬೇಡಿ. ಆ ಚೀಟಿ ಜೋಪಾನವಾಗಿರಲಿ. ನೀವು ಬರೆದದ್ದರಲ್ಲಿ ನನ್ನ ಗಮನ ಹೆಚ್ಚು ಹೋಗಿದ್ದು ಸೀನಿನ ಕಡೆಗಲ್ಲ, "ಓಡಿ ಆಡಿ ಬಂದ ಮೇಲೆ ಸ್ವಲ್ಪ ಕೆಮ್ಮು" ಅನ್ನೋ ಮಾತಿನ ಕಡೆಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಮಗಳು ಊದಿದ್ದು ಫೀನೋ ಎಂಬ ಪರೀಕ್ಷೆ. ಬಿಡುವ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಷ್ಟಿದೆ ಅಂತ ಅದು ಅಳೆಯುತ್ತೆ. ಮನುಷ್ಯರ ಉಸಿರಿನಲ್ಲಿ ಈ ಅನಿಲ ಇದೆ ಅಂತ ಸ್ವೀಡನ್ನಿನ ಲಾರ್ಸ್ ಗುಸ್ತಾಫ್ಸನ್ ಮತ್ತು ಜೊತೆಗಾರರು 1991ರಲ್ಲಿ ತೋರಿಸಿದರು. ಅಸ್ತಮಾ ಇದ್ದವರ ಉಸಿರಿನಲ್ಲಿ ಇದು ಜಾಸ್ತಿ ಅನ್ನೋದು 1993ರ ಹೊತ್ತಿಗೆ ತಿಳಿಯಿತು. ನಮ್ಮ ದೇಹ ಈ ಅನಿಲವನ್ನು ಸಂದೇಶ ಸಾಗಿಸೋಕೆ ಬಳಸುತ್ತೆ ಎಂದು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು.

ಅಲರ್ಜಿಯ ಬಗೆಯ ಉರಿಯೂತ ಇದ್ದಾಗ ಶ್ವಾಸನಾಳದ ಒಳಪದರ ಈ ಅನಿಲವನ್ನು ಜಾಸ್ತಿ ತಯಾರಿಸುತ್ತೆ. ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣಗಳು ಅಲ್ಲಿ ಸೇರಿಕೊಂಡಿವೆ ಅನ್ನೋದಕ್ಕೆ ಇದೊಂದು ಸುಳಿವು. ಅಳತೆ ಪಿಪಿಬಿ ಲೆಕ್ಕದಲ್ಲಿ. ಅಂದರೆ 100 ಕೋಟಿ ಪಾಲು ಗಾಳಿಯಲ್ಲಿ ಈ ಅನಿಲ ಎಷ್ಟು ಪಾಲು ಅಂತ. ನಿಮ್ಮ ಮಗಳ 38 ಅಂದರೆ 100 ಕೋಟಿಯಲ್ಲಿ 38. ಅಮೆರಿಕದ ಎದೆರೋಗ ತಜ್ಞರ ಸಂಘ 2011ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ 12 ವರ್ಷದೊಳಗಿನ ಮಕ್ಕಳಲ್ಲಿ 20ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 35ಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿ, ನಡುವಿನದು ಅನುಮಾನದ ಜಾಗ. ದೊಡ್ಡವರಿಗೆ ಇದೇ ಗಡಿ 25 ಮತ್ತು 50. ಹಾಗಾಗಿ ನಿಮ್ಮ ಮಗಳದ್ದು ಗಡಿ ದಾಟಿದೆ, ಆದರೆ ಸ್ವಲ್ಪವೇ.

ಈಗ ಊದಿಸುವ ರೀತಿಯನ್ನು ಒಂದು ಸಲ ನೆನಪು ಮಾಡಿಕೊಳ್ಳಿ. ಮೊದಲು ಉಸಿರು ಪೂರ್ತಿ ಎಳೆದುಕೋ ಅಂದಿರುತ್ತಾರೆ. ಆಮೇಲೆ ಬಾಯಿಂದ ನಿಧಾನವಾಗಿ, ಒಂದೇ ಸಮನೆ ಊದಬೇಕು. ಸೆಕೆಂಡಿಗೆ 50 ಮಿಲಿ ಲೀಟರ್ ಲೆಕ್ಕದಲ್ಲಿ, ದೊಡ್ಡವರು 10 ಸೆಕೆಂಡು, ಚಿಕ್ಕ ಮಕ್ಕಳು 6 ಸೆಕೆಂಡು. ಕೆಲವು ಯಂತ್ರಗಳ ಪರದೆ ಮೇಲೆ ಮಕ್ಕಳಿಗಾಗಿ ಒಂದು ಚಿತ್ರ ಇರುತ್ತೆ. ಜೋರಾಗಿ ಊದಿದರೆ ಅದು ಮೇಲಕ್ಕೆ ಹಾರಿಹೋಗುತ್ತೆ, ಮೆಲ್ಲಗೆ ಊದಿದರೆ ಕೆಳಗೆ ಬೀಳುತ್ತೆ, ಹದವಾಗಿ ಊದಿದರೆ ಮಧ್ಯದಲ್ಲಿ ನಿಲ್ಲುತ್ತೆ. ಊದುವಾಗ ಕೊಳವೆಯಲ್ಲಿ ಸ್ವಲ್ಪ ತಡೆ ಇರುತ್ತೆ. ಬಲೂನು ಊದುವಾಗ ಕೆನ್ನೆ ಬಿಗಿಯಾಗುತ್ತಲ್ವಾ, ಹಾಗೆ.

ಆ ತಡೆ ಸುಮ್ನೆ ಇಟ್ಟಿದ್ದಲ್ಲ. ತಡೆಗೆ ಎದುರಾಗಿ ಊದಿದಾಗ ಗಂಟಲಿನ ಹಿಂದೆ ಇರುವ ಮೆತ್ತನೆಯ ಅಂಗಳ ಮೇಲಕ್ಕೆದ್ದು ಮೂಗಿನ ದಾರಿಯನ್ನು ಮುಚ್ಚುತ್ತೆ. ಮೂಗಿನ ಗಾಳಿ ಯಂತ್ರಕ್ಕೆ ಬರಬಾರದು ಅಂತಲೇ ಹೀಗೆ ಮಾಡಿರುವುದು. ಯಾಕೆಂದರೆ ಮೂಗಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಅಕ್ಕಪಕ್ಕದ ಸೈನಸ್ ಗೂಡುಗಳಲ್ಲಿ, ಈ ಅನಿಲ ಎದೆಯಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇರುತ್ತೆ. ಅದು ಬೆರೆತರೆ ಎದೆಯ ಲೆಕ್ಕ ಕೆಟ್ಟುಹೋಗುತ್ತೆ.

ಅಂದರೆ ನಿಮ್ಮ ಮಗಳ ಮೂಗಿನ ತೊಂದರೆಗೆ ಅಂತ ಮಾಡಿಸಿದ ಪರೀಕ್ಷೆ ಮೂಗನ್ನು ಬೇಕಂತಲೇ ಹೊರಗಿಟ್ಟು ಎದೆಯನ್ನು ಅಳೆದಿದೆ. ಈ ಒಂದು ವಿಷಯ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸುಲಭ.

ಹಾಗಾದರೆ ಮೂಗಿನ ಗಾಳಿಯನ್ನೇ ಅಳೆಯಬಹುದಲ್ಲ ಅಂತ ನೀವು ಕೇಳಬಹುದು. ಅಳೆಯಬಹುದು, ಅದಕ್ಕೂ ಯಂತ್ರ ಇದೆ. ಒಂದು ಹೊಳ್ಳೆಗೆ ಸಣ್ಣ ಕೊಳವೆ ಇಟ್ಟು ಗಾಳಿಯನ್ನು ಮೆಲ್ಲಗೆ ಹೀರಿಕೊಳ್ಳುತ್ತಾರೆ. ಆದರೆ ಅಲರ್ಜಿಯಲ್ಲಿ ಈ ಅಂಕಿ ಕೈಕೊಡುತ್ತೆ. ಅಲರ್ಜಿಯಿಂದ ಮೂಗಿನ ಒಳಪದರ ಅನಿಲವನ್ನು ಜಾಸ್ತಿ ತಯಾರಿಸುತ್ತೆ, ನಿಜ. ಅದೇ ಅಲರ್ಜಿಯಿಂದ ಪದರ ಊದಿಕೊಂಡು ಸೈನಸ್ಸಿನ ಕಿಂಡಿಗಳು ಮುಚ್ಚಿಕೊಳ್ಳುತ್ತವೆ, ಆಗ ಅಲ್ಲಿಂದ ಬರಬೇಕಾದ ಅನಿಲ ನಿಂತುಹೋಗುತ್ತೆ. ಒಂದು ಕಡೆ ಏರಿಕೆ, ಇನ್ನೊಂದು ಕಡೆ ಇಳಿಕೆ. ಕೊನೆಗೆ ಅಲರ್ಜಿ ಇದ್ದವರ ಅಂಕಿ, ಇಲ್ಲದವರ ಅಂಕಿ ಎರಡೂ ಬೆರೆತುಹೋಗುತ್ತವೆ. ಹಾಗಾಗಿ ಈ ಪರೀಕ್ಷೆ ಅಲರ್ಜಿಗಿಂತ ಬೇರೆ ಕಡೆ ಉಪಯೋಗಕ್ಕೆ ಬಂದಿದೆ. ಮೂಗು, ಎದೆಯ ಕಫವನ್ನು ತಳ್ಳುವ ಸಣ್ಣ ರೋಮಗಳು ಹುಟ್ಟಿನಿಂದಲೇ ಕೆಲಸ ಮಾಡದ ಅಪರೂಪದ ಕಾಯಿಲೆ ಒಂದಿದೆ. ಅದರಲ್ಲಿ ಮೂಗಿನ ಅಂಕಿ ತೀರಾ ಕೆಳಗೆ ಬೀಳುತ್ತೆ. ಮೂಗಿನಲ್ಲಿ ಪಾಲಿಪ್ ಅನ್ನೋ ಮೆತ್ತನೆಯ ಗಡ್ಡೆ ಬೆಳೆದು ಸೈನಸ್ ಮುಚ್ಚಿಹೋದವರಲ್ಲೂ ಕಡಿಮೆ ಇರುತ್ತೆ.

ಸೈನಸ್ ಅಂದಾಗ ಒಂದು ಮಾತು. ನನ್ನ ಹತ್ತಿರ ಬರುವ ತುಂಬ ಜನ "ನಂಗೆ ಸೈನಸ್ ಇದೆ ಡಾಕ್ಟ್ರೇ" ಅಂತಲೇ ಮಾತು ಶುರು ಮಾಡುತ್ತಾರೆ. ಸೈನಸ್ ಎಲ್ಲರಿಗೂ ಇರುತ್ತೆ. ಅದು ಮುಖದ ಮೂಳೆಯೊಳಗಿನ ಗಾಳಿಗೂಡು, ಕಾಯಿಲೆಯ ಹೆಸರಲ್ಲ. ಸೀನು, ತುರಿಕೆ, ನೀರಿನಂಥ ಸಿಂಬಳ ಇದ್ದರೆ ಹೆಚ್ಚಾಗಿ ಅದು ಮೂಗಿನ ಅಲರ್ಜಿ. ಸೈನಸ್ ಸೋಂಕು ಅಂದುಕೊಂಡು ಆಂಟಿಬಯೋಟಿಕ್ ನುಂಗಿದರೆ ಏನೂ ಉಪಯೋಗವಿಲ್ಲ.

ಇನ್ನು ಭ್ರಾಮರಿ ಪ್ರಾಣಾಯಾಮ. ಬಾಯಿ ಮುಚ್ಚಿ ಗುಂಯ್ ಅಂತ ನಾದ ಮಾಡಿದರೆ ಸೈನಸ್ಸಿನ ಗಾಳಿ ಅಲುಗಾಡಿ ಮೂಗಿನ ನೈಟ್ರಿಕ್ ಆಕ್ಸೈಡ್ ಸುಮಾರು 15 ಪಟ್ಟು ಏರುತ್ತೆ ಅಂತ 2002ರಲ್ಲಿ ಸ್ವೀಡನ್ನಿನ ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್ ಅಳೆದು ತೋರಿಸಿದ್ದಾರೆ. ಇದು ನಿಜವಾದ ಸಂಗತಿ. ಆದರೆ ಅದರಿಂದ ಅಲರ್ಜಿ ವಾಸಿಯಾಗುತ್ತೆ ಅನ್ನೋದು ಬೇರೆ ಮಾತು, ಅದಕ್ಕೆ ಆಧಾರ ಸಾಲದು. ಮಗಳಿಗೆ ಇಷ್ಟವಾದರೆ ಮಾಡಲಿ, ಔಷಧಿಯ ಬದಲಿಗೆ ಬೇಡ.

ಈಗ 38ಕ್ಕೆ ವಾಪಸ್ ಬರೋಣ. ಅಸ್ತಮಾ ಇಲ್ಲದೆ ಬರೀ ಮೂಗಿನ ಅಲರ್ಜಿ ಇರುವ ಎಷ್ಟೋ ಮಕ್ಕಳಲ್ಲಿ ಈ ಅಂಕಿ ಮೇಲಿರುತ್ತೆ. ಮೂಗು, ಎದೆ ಎರಡಕ್ಕೂ ಒಳಗಿನ ಹೊದಿಕೆ ಒಂದೇ. ಮೂಗಿನ ಕಿರಿಕಿರಿ ಕೆಳಗೂ ಸ್ವಲ್ಪ ಇಳಿದಿರುತ್ತೆ. ಜೊತೆಗೆ ಅವಳಿಗೆ ಎರಡು ದಿನ ಮುಂಚೆ ನೆಗಡಿ, ಜ್ವರ ಬಂದಿತ್ತು ಅಂತ ಬರೆದಿದ್ದೀರಿ. ವೈರಸ್ ನೆಗಡಿಯಿಂದಲೂ ಅಂಕಿ ಏರಬಹುದು. ಬೀಟ್‌ರೂಟ್, ಪಾಲಕ್ ಥರದ ನೈಟ್ರೇಟ್ ಜಾಸ್ತಿ ಇರುವ ತರಕಾರಿ, ಸೊಪ್ಪು ತಿಂದು ಬಂದರೂ ಏರುತ್ತೆ. ಇನ್ನು ಕೆಲವದರಿಂದ ಇಳಿಯುತ್ತೆ. ಬೀಡಿ ಸಿಗರೇಟು ಸೇದುವವರಲ್ಲಿ ಕಡಿಮೆ ಬರುತ್ತೆ. ಊದುವ ಮುಂಚೆ ಸ್ಪೈರೊಮೆಟ್ರಿ, ಅಂದರೆ ಜೋರಾಗಿ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ, ಮಾಡಿಸಿದರೂ ಕಡಿಮೆ ಬರಬಹುದು.

ಒಬ್ಬರು ನೆನಪಾಗುತ್ತಾರೆ. ಬಟ್ಟೆ ಅಂಗಡಿಯವರು. ಥಾನು ಬಿಚ್ಚಿದರೆ ಸಾಕು, ಗಿರಾಕಿ ಎದುರಿಗೇ ಸೀನು ಹತ್ತಿಕೊಳ್ಳುತ್ತಿತ್ತು. ಊದಿಸಿದರೆ ಬರೀ 12. ಅಲರ್ಜಿ ಇಲ್ಲ ಅಂತ ಅವರಿಗೆ ಬೇರೆ ಕಡೆ ಹೇಳಿ ಕಳಿಸಿದ್ದರು. ಕೈಮೇಲೆ ಸ್ಕಿನ್ ಪ್ರಿಕ್ ಟೆಸ್ಟ್, ಅಂದರೆ ಚರ್ಮದ ಅಲರ್ಜಿ ಪರೀಕ್ಷೆ, ಮಾಡಿದೆ. ದೂಳಿನ ಮೈಟ್ (ಮನೆ ದೂಳಿನಲ್ಲಿರುವ, ಕಣ್ಣಿಗೆ ಕಾಣದ ಹುಳ) ಹಾಕಿದ ಜಾಗದಲ್ಲಿ ಎಂಟಾಣೆಯಷ್ಟು ಅಗಲ ದದ್ದು ಎದ್ದಿತು. ದಿನಕ್ಕೆ ಒಂದು ಪ್ಯಾಕ್ ಸಿಗರೇಟು ಸೇದುತ್ತಿದ್ದರು ಅಂತ ಆಮೇಲೆ ಹೇಳಿದರು. ಅಂಕಿ ಜಾಸ್ತಿ ಬಂತು ಅಂತ ಅಲರ್ಜಿ ಖಚಿತವಲ್ಲ, ಕಡಿಮೆ ಬಂತು ಅಂತ ಅಲರ್ಜಿ ಇಲ್ಲ ಅಂತಲೂ ಅಲ್ಲ.

ಹಾಗಾದರೆ ಮೂಗಿನ ಅಲರ್ಜಿ ಅಂತ ನಾವು ಹೇಗೆ ಹೇಳುತ್ತೇವೆ? ಮುಕ್ಕಾಲು ಭಾಗ ಮಾತಿನಿಂದಲೇ. ನೀವು ಬರೆದ ಪತ್ರವೇ ನನಗೆ ಯಂತ್ರಕ್ಕಿಂತ ಹೆಚ್ಚು ಹೇಳಿದೆ. ಬೆಳಗಿನ ಸಾಲು ಸೀನು, ತುರಿಕೆ, ನೀರು, ಮೂಗು ಕಟ್ಟುವುದು, ವರ್ಷಗಟ್ಟಲೆ ಇರುವುದು. ಮಗಳ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುವ ಅಭ್ಯಾಸ ಇದೆಯಾ? ಹಾಗೆ ಉಜ್ಜಿ ಉಜ್ಜಿ ಮೂಗಿನ ತುದಿಗಿಂತ ಸ್ವಲ್ಪ ಮೇಲೆ ಅಡ್ಡಗೆರೆ ಬಿದ್ದಿದೆಯಾ? ಕಣ್ಣಿನ ಕೆಳಗೆ ಕಪ್ಪು ನೆರಳಿದೆಯಾ? ನಾವು ಟಾರ್ಚ್ ಹಾಕಿ ಒಳಗೆ ನೋಡಿದಾಗ ಸಾಮಾನ್ಯವಾಗಿ ಗುಲಾಬಿ ಬಣ್ಣ ಇರಬೇಕಾದ ಪದರ ಬಿಳಿಚಿಕೊಂಡು, ನೀಲಿ ಛಾಯೆಯಲ್ಲಿ, ನೀರು ಕುಡಿದ ಹಾಗೆ ಊದಿಕೊಂಡಿರುತ್ತೆ. ಬಾಯಿ ತೆರೆದು ಮಲಗುತ್ತಾಳೆ ಅಂದಿರಿ, ಆದ್ದರಿಂದ ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಗಂಟು ದೊಡ್ಡದಾಗಿದೆಯಾ ಅಂತಲೂ ಇಎನ್‌ಟಿ ಡಾಕ್ಟರು ನೋಡಬೇಕು. ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ ಇದ್ದರೆ ಅದನ್ನೂ ಹೇಳಿ. ಹೊಗೆಯಿಂದ ಮೂಗು ಕೆರಳುತ್ತೆ, ಆದರೆ ಅದು ಅಲರ್ಜಿ ಅಲ್ಲ, ಯಾವ ಟೆಸ್ಟಿನಲ್ಲೂ ಬರಲ್ಲ.

ಯಾವುದರ ಅಲರ್ಜಿ ಅಂತ ತಿಳಿಯಬೇಕಾದರೆ ದಾರಿ ಎರಡು. ಒಂದು ಸ್ಕಿನ್ ಪ್ರಿಕ್ ಟೆಸ್ಟ್. ದೂಳಿನ ಮೈಟ್, ಜಿರಳೆ, ಬೂಷ್ಟು, ಪಾರ್ಥೇನಿಯಂ, ಬಳ್ಳಾರಿ ಜಾಲಿಯ ಪರಾಗ, ಹೀಗೆ ಒಂದೊಂದರ ಹನಿಯನ್ನು ಮುಂಗೈ ಒಳಭಾಗದಲ್ಲಿ ಇಟ್ಟು ಸಣ್ಣ ಮೊನೆಯಿಂದ ಮೇಲುಚರ್ಮವನ್ನು ಮಾತ್ರ ತಾಗಿಸುತ್ತೇವೆ. 15ರಿಂದ 20 ನಿಮಿಷಕ್ಕೆ ಉತ್ತರ ಬರುತ್ತೆ. ಅಲರ್ಜಿ ವಸ್ತು ಇಲ್ಲದ ಬರೀ ದ್ರಾವಣ ಹಾಕಿದ ಜಾಗಕ್ಕಿಂತ 3 ಮಿಲಿಮೀಟರ್ ದೊಡ್ಡ ದದ್ದು ಎದ್ದರೆ ಪಾಸಿಟಿವ್. ಸೊಳ್ಳೆ ಕಚ್ಚಿದ ಹಾಗೆ ತುರಿಸುತ್ತೆ, ಗಂಟೆ ಎರಡು ಗಂಟೆಯಲ್ಲಿ ಇಳಿಯುತ್ತೆ. ಮೈಯೆಲ್ಲ ಅಲರ್ಜಿ ಆಗುವುದು ಬಹಳ ಅಪರೂಪ. ಆದರೂ ಆಗಬಹುದು, ಅದಕ್ಕೇ ಅಂಥ ಹೊತ್ತಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಕೈಗೆ ಸಿಗುವ ಜಾಗದಲ್ಲೇ ಮಾಡಿಸಬೇಕು. ಅಸ್ತಮಾ ಕೆರಳಿರುವಾಗ ಮಾಡಬಾರದು.

ಇನ್ನೊಂದು ರಕ್ತದ ಪರೀಕ್ಷೆ, ಒಂದೊಂದು ವಸ್ತುವಿಗೂ ಬೇರೆ ಬೇರೆ ಐಜಿಇ (ಅಲರ್ಜಿಗೆ ಕಾರಣವಾಗುವ ಪ್ರತಿಕಾಯ) ಎಷ್ಟಿದೆ ಅಂತ ನೋಡುವುದು. ಇದಕ್ಕೆ ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗಿಲ್ಲ, ಆದರೆ ಸೂಜಿ ಚುಚ್ಚಿ ರಕ್ತ ತೆಗೆಯಲೇಬೇಕು, ಖರ್ಚೂ ಸಾಮಾನ್ಯವಾಗಿ ಜಾಸ್ತಿ. ಎಷ್ಟೋ ಕಡೆ ಬರೀ "ಒಟ್ಟು ಐಜಿಇ" ಮಾಡಿಸಿ ಕಳಿಸುತ್ತಾರೆ. ಹೊಟ್ಟೆಯಲ್ಲಿ ಜಂತುಹುಳ ಇದ್ದರೂ ಅದು ಏರುತ್ತೆ, ಅದರಿಂದ ಏನೂ ತೀರ್ಮಾನ ಆಗಲ್ಲ. ಕೂದಲು ಕಳಿಸಿ ಅಲರ್ಜಿ ಪಟ್ಟಿ ತರಿಸುವುದು, ಕೈಯಲ್ಲಿ ಕಡ್ಡಿ ಹಿಡಿಸಿ ಕರೆಂಟಿನಿಂದ ಅಲರ್ಜಿ ಪತ್ತೆ ಮಾಡುವುದು, ಆಹಾರಕ್ಕೆ ಐಜಿಜಿ ಟೆಸ್ಟ್ ಮಾಡುವುದು, ಇವಕ್ಕೆಲ್ಲ ದುಡ್ಡು ಕೊಡಬೇಡಿ. ಆ ಪಟ್ಟಿ ನೋಡಿ ಹಾಲು, ಮೊಟ್ಟೆ, ಗೋಧಿ ಎಲ್ಲ ಬಿಡಿಸಿ ಸೊರಗಿದ ಮಕ್ಕಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತೆ.

ಉಸಿರಿನಿಂದಲೇ ಎಲ್ಲ ತಿಳಿಯುವ ದಿನ ಬರಲ್ವಾ? ಕೆಲಸ ನಡೆದಿದೆ. ಒಂದು ಉಸಿರಿನಲ್ಲಿ ಸುಮಾರು 250 ಬಗೆಯ ವಸ್ತುಗಳಿವೆ ಅಂತ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ 1971ರಲ್ಲೇ ತೋರಿಸಿದ್ದರು. ಆ ಮಿಶ್ರಣದ ಗುರುತನ್ನು ಹಿಡಿಯುವ "ಎಲೆಕ್ಟ್ರಾನಿಕ್ ಮೂಗು" ಪ್ರಯೋಗಾಲಯಗಳಲ್ಲಿ ಇದೆ. ಆದರೆ ತಿಂದ ಊಟ, ಕೋಣೆಯ ಗಾಳಿ, ಹಚ್ಚಿದ ಸೆಂಟು, ಹೊಟ್ಟೆಯ ಬ್ಯಾಕ್ಟೀರಿಯಾ ಎಲ್ಲವೂ ಅದರಲ್ಲಿ ಬೆರೆಯುತ್ತವೆ. ಕ್ಲಿನಿಕ್ಕಿನಲ್ಲಿ ಕೂತು ಅದರ ಮೇಲೆ ಮೂಗಿನ ಅಲರ್ಜಿ ಅಂತ ಬರೆದುಕೊಡುವ ಹಂತಕ್ಕೆ ಇನ್ನೂ ಬಂದಿಲ್ಲ.

ಈಗ ಆ ಕೆಮ್ಮು. ಅಸ್ತಮಾ ಇದ್ದವರಲ್ಲಿ ಬಹುಪಾಲು ಜನರಿಗೆ ಮೂಗಿನ ತೊಂದರೆ ಇರುತ್ತೆ. ಮೂಗಿನ ಅಲರ್ಜಿ ಇದ್ದವರಲ್ಲೂ ಕೆಲವರಿಗೆ ಅಸ್ತಮಾ ಇರುತ್ತೆ, ಎಷ್ಟೋ ಸಲ ಮನೆಯವರಿಗೆ ಗೊತ್ತೇ ಆಗಿರಲ್ಲ. ಆಟದಲ್ಲಿ ಮಗು ತಾನಾಗಿಯೇ ಹಿಂದೆ ಸರಿದಿರುತ್ತೆ, ನಾವು ಸೋಮಾರಿ ಅಂದುಕೊಂಡಿರುತ್ತೇವೆ. ಉಸಿರಿನ ಪರೀಕ್ಷೆ ನಿಜವಾಗಿ ನೆರವಾಗುವುದು ಇಲ್ಲಿ. ಮೂಗಿನ ಕಿರಿಕಿರಿ ಎದೆಗೆ ಇಳಿದಿರಬಹುದು, ಹುಡುಕಿ ಅಂತ ಅದು ಎಚ್ಚರಿಸುತ್ತೆ. ಬ್ರಿಟನ್ನಿನ 2024ರ ಮಾರ್ಗಸೂಚಿಯಲ್ಲಿ 5ರಿಂದ 16 ವರ್ಷದ ಮಕ್ಕಳಲ್ಲಿ 35 ಅಥವಾ ಹೆಚ್ಚು ಬಂದರೆ ಅಸ್ತಮಾ ಅನ್ನಬಹುದು ಅಂತಿದೆ. ಆದರೆ ಅದು ಅಸ್ತಮಾದ ಲಕ್ಷಣ ಇರುವ ಮಕ್ಕಳಿಗೆ ಮಾತ್ರ. ಹಾಗಾಗಿ ನಿಮಗೆ ಇನ್ಹೇಲರ್ ಬರೆದ ಡಾಕ್ಟರು ಅಸ್ತಮಾ ಅಂತ ಅನುಮಾನಿಸಿದ್ದು ತಪ್ಪಲ್ಲ. ಆ ಒಂದು ಊದಿನಿಂದ ಅಲರ್ಜಿ ಕನ್ಫರ್ಮ್ ಅಂದಿದ್ದು, ನೆಗಡಿ ಇದ್ದಾಗ ಊದಿಸಿ ಅಲ್ಲಿಗೇ ನಿಲ್ಲಿಸಿದ್ದು ನನಗೆ ಸರಿ ಕಾಣಲ್ಲ.

ನನ್ನ ಸಲಹೆ ಹೀಗೆ. ರಾತ್ರಿ ಕೆಮ್ಮಿ ಏಳುತ್ತಾಳಾ, ಎದೆಯಲ್ಲಿ ಸುಯ್ ಸುಯ್ ಶಬ್ದ ಬರುತ್ತಾ, ಆಟದ ನಡುವೆ ಕೂತುಬಿಡುತ್ತಾಳಾ ಅಂತ ಎರಡು ವಾರ ಗಮನಿಸಿ ಬರೆದಿಡಿ. ನೆಗಡಿ ಹೋದ ಮೇಲೆ ಸ್ಪೈರೊಮೆಟ್ರಿ ಮಾಡಿಸಿ. ಶ್ವಾಸನಾಳ ಹಿಗ್ಗಿಸುವ ಔಷಧಿ ಎಳೆಯುವ ಮೊದಲು ಒಂದು ಸಲ, ಎಳೆದ ಮೇಲೆ ಇನ್ನೊಂದು ಸಲ. ಈ ಮಧ್ಯೆ ಉಸಿರಾಡೋಕೆ ಕಷ್ಟವಾದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದುಕೊಂಡರೆ ಟೆಸ್ಟಿಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಅಸ್ತಮಾ ಅಂತ ಗೊತ್ತಾದರೆ ಇನ್ಹೇಲರ್‌ಗೆ ಹೆದರಬೇಡಿ. ಅತ್ತೆಯವರ ಆತಂಕ ನನಗೆ ಅರ್ಥವಾಗುತ್ತೆ, ನಮ್ಮ ಮನೆಯಲ್ಲೂ ಇದೇ ಮಾತು ಕೇಳಿದ್ದೇನೆ. ಅದು ಚಟ ಹಿಡಿಸುವ ಔಷಧಿ ಅಲ್ಲ. ಕಾಯಿಲೆ ಇರುವವರೆಗೆ ಬೇಕಾಗುತ್ತೆ, ತಗ್ಗಿದರೆ ಡಾಕ್ಟರೇ ಕಡಿಮೆ ಮಾಡುತ್ತಾರೆ. ತೊಂದರೆ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಬುಡೆಸೊನೈಡ್ ಅನ್ನೋ ಇನ್ಹೇಲರ್ ಸ್ಟೀರಾಯ್ಡ್ ವರ್ಷಗಟ್ಟಲೆ ಎಳೆದ ಮಕ್ಕಳು ದೊಡ್ಡವರಾದಾಗ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇತ್ತು ಅಂತ 2012ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಹತೋಟಿಯಲ್ಲಿಲ್ಲದ ಅಸ್ತಮಾದ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು. ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ, ಅಂದರೆ ಸ್ಪೇಸರ್ ಬಳಸಿ, ಎಳೆದ ಮೇಲೆ ಬಾಯಿ ಮುಕ್ಕಳಿಸಲಿ, ಆರು ತಿಂಗಳಿಗೊಮ್ಮೆ ಎತ್ತರ ಅಳೆಯಿರಿ.

ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಮುಖ್ಯ ಔಷಧಿ. ಮೊಮೆಟಾಸೋನ್, ಫ್ಲುಟಿಕಾಸೋನ್ ಥರದವು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅಲರ್ಜಿ ಲಕ್ಷಣ ಇಷ್ಟು ಸ್ಪಷ್ಟ ಇರುವಾಗ ಯಾವ ಟೆಸ್ಟಿಗೂ ಕಾಯದೆ ಡಾಕ್ಟರ ಸಲಹೆ ಮೇಲೆ ಶುರು ಮಾಡಬಹುದು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ, ತುದಿ ಕಣ್ಣಿನ ಹೊರಮೂಲೆ ಕಡೆಗೆ. ನಡುವಿನ ಗೋಡೆಗೆ ಹೊಡೆದರೆ ರಕ್ತ ಬರುತ್ತೆ. ಜೋರಾಗಿ ಸೇದಿಕೊಳ್ಳಬಾರದು, ಗಂಟಲಿಗೆ ಹೋಗಿಬಿಡುತ್ತೆ. ಪೂರ್ತಿ ಗುಣ ಕಾಣೋಕೆ ಎರಡು ವಾರ ಬೇಕು, ಮೂರನೇ ದಿನಕ್ಕೆ ಬಿಡಬೇಡಿ. ನಿದ್ದೆ ಬರಿಸುವ ಹಳೇ ನೆಗಡಿ ಮಾತ್ರೆಗಳು ಸ್ಕೂಲಿಗೆ ಹೋಗುವ ಮಗುವಿಗೆ ಬೇಡ. ಮೂಗು ಬಿಡಿಸುವ ಡ್ರಾಪ್ಸ್ ಐದು ದಿನಕ್ಕಿಂತ ಜಾಸ್ತಿ ಹಾಕಿದರೆ ಮೂಗು ಇನ್ನೂ ಕಟ್ಟುತ್ತೆ. ಅಲರ್ಜಿ, ಅಸ್ತಮಾಗೆ ಬರೆಯುವ ಮಾಂಟೆಲುಕಾಸ್ಟ್ ಇರುವ ಮಾತ್ರೆ ಕೊಟ್ಟರೆ ಮಗುವಿನ ನಿದ್ದೆ, ಸಿಟ್ಟು, ಮನಸ್ಸು ಹೇಗಿದೆ ಅಂತ ಗಮನಿಸಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ.

ಸರಿಯಾಗಿ ಸ್ಪ್ರೇ ಹಾಕಿಯೂ ಒಂದೆರಡು ತಿಂಗಳಲ್ಲಿ ಗುಣ ಕಾಣದಿದ್ದರೆ, ಇಲ್ಲವೇ ಇಮ್ಯುನೊಥೆರಪಿ (ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪಸ್ವಲ್ಪವಾಗಿ ಕೊಟ್ಟು ದೇಹಕ್ಕೆ ಒಗ್ಗಿಸುವ ಚಿಕಿತ್ಸೆ) ಯೋಚನೆ ಇದ್ದರೆ ಆಗ ಸ್ಕಿನ್ ಪ್ರಿಕ್ ಟೆಸ್ಟ್ ಇಲ್ಲವೇ ಆ ರಕ್ತದ ಪರೀಕ್ಷೆ ಬೇಕೇ ಬೇಕು. ಇಮ್ಯುನೊಥೆರಪಿ ಕನಿಷ್ಠ ಮೂರು ವರ್ಷದ ಕೆಲಸ. ಇಂಜೆಕ್ಷನ್ ಆದರೆ ಪ್ರತಿ ಸಲ ಅರ್ಧ ಗಂಟೆ ಅಲ್ಲೇ ಕೂರಬೇಕು, ಅಸ್ತಮಾ ಹತೋಟಿಗೆ ಬರದೆ ಶುರು ಮಾಡುವಂತಿಲ್ಲ. ಯಾವುದರ ಅಲರ್ಜಿ ಅಂತ ತಿಳಿಯದೆ ಯಾವ ಔಷಧಿ ಕೊಡುವುದು? ಊದುವ ಯಂತ್ರ ಅದನ್ನು ಹೇಳಲಾರದು.

ಸೂಜಿ ಭಯಕ್ಕೆ ನಾನು ಮಾಡುವುದು ಇಷ್ಟೇ. ಮೊದಲು ಅಪ್ಪನದೋ ಅಮ್ಮನದೋ ಕೈಗೆ ಬರೀ ದ್ರಾವಣ ಹಾಕಿ ತಾಗಿಸುತ್ತೇನೆ, ಮಗು ನೋಡುತ್ತೆ. ರಕ್ತ ಬರಲ್ಲ ಅಂತ ಗೊತ್ತಾದ ಮೇಲೆ ತಾನೇ ಕೈ ಚಾಚುತ್ತೆ. ಟೆಸ್ಟಿಗೆ ಒಂದು ವಾರ ಮುಂಚೆ ಸೆಟ್ರಿಜಿನ್ ಥರದ ಮಾತ್ರೆ ನಿಲ್ಲಿಸಿರಬೇಕು, ಮೂಗಿನ ಸ್ಪ್ರೇ ನಿಲ್ಲಿಸುವುದು ಬೇಡ. ಅದೇ ದಿನ ಮತ್ತೆ ಊದಿಸುವುದಾದರೆ ಒಂದು ಗಂಟೆ ಮುಂಚಿನಿಂದ ಊಟ, ಓಟ ಬೇಡ, ಸ್ಪೈರೊಮೆಟ್ರಿಗಿಂತ ಮೊದಲು ಊದಿಸಲಿ. ಹಳೆಯ 38ರ ಚೀಟಿಯನ್ನೂ ತೆಗೆದುಕೊಂಡು ಹೋಗಿ.